ಎರಡು ಸಲ ಬೆಂದ ಬಿಳಿ

ನಮ್ಮ ಮನೆಯವರ ಜೇಬಿನಲ್ಲಿ ಯಾವಾಗಲೂ ಒಂದು ಬೆಂಕಿಪೊಟ್ಟಣ ಇರುತ್ತದೆ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಪಕ್ಕದಲ್ಲಿ ಯಾರಾದರೂ ಸೇದಿದರೆ ಮೂಗು ಮುಚ್ಚಿಕೊಂಡು ಎದ್ದು ಹೋಗುವ ಪೈಕಿ. ಆ ಕಡ್ಡಿಗಳೆಲ್ಲ ಬಟ್ಟೆಗೆ. ಯಾರೇ ಬಟ್ಟೆ ತಂದು ಮುಂದಿಟ್ಟರೂ ಮೊದಲು ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಸಿ ನೋಡುತ್ತಾರೆ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ ಗುಂಡುಸೂಜಿಯ ತಲೆಯಷ್ಟು ಗಂಟಾದರೆ ಪಾಲಿಯೆಸ್ಟರ್. ಅದೂ ಇದೂ ಎರಡೂ ಆದರೆ ಮಿಶ್ರ ನೂಲು. ಆಗ ಅವರ ಮುಖವೂ ಅಳಬೇಕೋ ನಗಬೇಕೋ ತಿಳಿಯದ ಹಾಗಾಗುತ್ತದೆ. ಬೀದಿಯವರೆಲ್ಲ ಅವರನ್ನು ಬೆಂಕಿಪೊಟ್ಟಣ ಎಂದೇ ಕರೆಯುವುದು. ಮದುವೆಯಾದ ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. "ಬೆಂಕಿಪೊಟ್ಟಣದ ಹೆಂಡ್ತೀನಾ ನೀವು?" ಎಂದು ತರಕಾರಿಯವಳು ಕೇಳಿದಾಗ, ಗಂಡ ಮಹಾ ಸಿಡುಕನಿರಬೇಕು ಎಂದು ಹೆದರಿಕೊಂಡೇ ಮನೆಗೆ ಬಂದಿದ್ದೆ. ಆಮೇಲೆ ನೋಡಿದರೆ ಈ ಮನೆಯ ಸಿಡುಕೆಲ್ಲ ನನ್ನ ಪಾಲಿಗೇ ಬಂದಿದೆ. ಬರೆಯುತ್ತಿರುವವಳು ನಾನೇ ಆದ್ದರಿಂದ ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ಬಟ್ಟೆಯ ಮೇಲೆ ಚಿತ್ರ, ಅಕ್ಷರ ಪ್ರಿಂಟ್ ಮಾಡುವ ಅಂಗಡಿ. ಮುಂದಿನ ಕೋಣೆಯಲ್ಲಿ ಅವರ ಉದ್ದ ಮೇಜು, ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ನಡುವೆ ಒಂದು ಪರದೆ. ಮರದ ಚೌಕಟ್ಟಿಗೆ ಬಿಗಿದ ಸಣ್ಣ ಕಣ್ಣಿನ ಜಾಲರಿ ಅವರ ಆಯುಧ. ಅದರಲ್ಲಿ ಚಿತ್ರದ ಜಾಗ ಮಾತ್ರ ತೆರೆದಿರುತ್ತದೆ, ಉಳಿದದ್ದೆಲ್ಲ ಮುಚ್ಚಿರುತ್ತದೆ. ಬಟ್ಟೆಯ ಮೇಲೆ ಅದನ್ನಿಟ್ಟು, ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಸಮನೆ ಎಳೆದರೆ ಚಿತ್ರ ಕೆಳಗಿಳಿಯುತ್ತದೆ. ಆಮೇಲೆ ಬಿಸಿ ತಟ್ಟೆಯ ಕೆಳಗಿಟ್ಟು ಕಾವು ಕೊಟ್ಟರೆ ಬಣ್ಣ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಅವರು ಬೇಯಿಸುವುದು ಎನ್ನುತ್ತಾರೆ, ಅಡುಗೆಮನೆಯಲ್ಲಿ ಇವತ್ತಿನವರೆಗೆ ನೀರನ್ನೂ ಬೇಯಿಸದ ಮಹಾನುಭಾವರು.

ಗಿರಾಕಿಗಳಿಗೆ ಅವರು ಕೇಳುವ ಪ್ರಶ್ನೆಗಳದ್ದೇ ಒಂದು ಕಥೆ. ಯಾವ ಚಿತ್ರ, ಎಷ್ಟು ದೊಡ್ಡದು ಎಂದು ಬೇರೆಯವರು ಕೇಳುತ್ತಾರೆ. ಇವರು ಕೇಳುವುದು: ಯಾರು ಹಾಕ್ಕೊಳ್ತಾರೆ, ಎಲ್ಲಿ ಕೂತ್ಕೋತಾರೆ, ಬೆವರ್ತಾರಾ, ಬಿಸಿಲಲ್ಲಿ ಒಣಗಿಸ್ತೀರಾ. ಒಂದು ಸಲ ಬೀದಿ ತುದಿಯ ಬೇಕರಿಯವರು ತಮ್ಮ ಕೆಲಸದವರ ಏಪ್ರನ್ನುಗಳ ಮೇಲೆ ಬ್ರೆಡ್ಡಿನ ಚಿತ್ರ ಹಾಕಿಸಲು ಬಂದಿದ್ದರು.

"ಇದನ್ನ ಒಗೆಯೋದು ಯಾರು?" ಎಂದರು ಇವರು.

"ನಮ್ಮ ಮನೆಯವಳು."

"ಹಾಗಾದ್ರೆ ಅವರನ್ನ ಕರ್ಕೊಂಡು ಬನ್ನಿ. ನಿಮ್ಮ ಹತ್ರ ಮಾತಾಡಿ ಏನು ಪ್ರಯೋಜನ?"

ಬೇಕರಿಯವರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ನಾನು ಪರದೆ ಎಳೆದುಕೊಂಡೆ. ಮರುದಿನ ಅವರ ಹೆಂಡತಿ ಬಂದರು. ಎಣ್ಣೆಜಿಡ್ಡು ಹೋಗಲಿ ಎಂದು ಕುದಿಯುವ ನೀರಿನಲ್ಲಿ ಅದ್ದಿ, ಬ್ರಷ್ಷಿನಲ್ಲಿ ತಿಕ್ಕುತ್ತೇನೆ ಎಂದರು. ಹಾಗಿದ್ದರೆ ಮೇಲೆ ಅಂಟಿಸುವ ಪ್ರಿಂಟು ಬೇಡವೇ ಬೇಡ, ತೆಳ್ಳಗೆ ಬಟ್ಟೆಗೆ ಇಳಿಯುವ ಬಣ್ಣವೇ ಸರಿ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿದರು. ಬೇಕರಿಯವರು ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳಿಸಿಕೊಂಡರು. ಇವತ್ತಿಗೂ ಅವರು ಏನು ಬೇಕಾದರೂ ಹೆಂಡತಿಯನ್ನೇ ಕಳಿಸುತ್ತಾರೆ.

ಇಂಥ ಮನುಷ್ಯರಿಗೆ ಜಗತ್ತಿನಲ್ಲಿ ಎದುರು ಮಾತಾಡುವವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ನನ್ನ ತಂಗಿ.

ನನ್ನ ತಂಗಿ ಕೆಲಸ ಕಲಿತದ್ದು ಇವರ ಮೇಜಿನ ಮೇಲೇ. ಆಮೇಲೆ ಬಣ್ಣದ ವಾಸನೆಗೆ ತಲೆನೋವು ಬರುತ್ತದೆ ಎಂದು ಹೇಳಿ, ಹಿಂದಿನ ಬೀದಿಯಲ್ಲಿ ತನ್ನದೇ ಅಂಗಡಿ ತೆರೆದಳು. ಅವಳದ್ದು ಕಂಪ್ಯೂಟರಿನ ಕೆಲಸ. ಚಿತ್ರವನ್ನು ಮೊದಲು ವಿಶೇಷ ಕಾಗದದ ಮೇಲೆ ತೆಗೆಯುವುದು, ಕಾಗದವನ್ನು ಬಟ್ಟೆಯ ಮೇಲೆ ಕವುಚಿ ಬಿಸಿ ಪ್ರೆಸ್ಸಿನಲ್ಲಿ ಒತ್ತುವುದು. ಕಾವಿಗೆ ಬಣ್ಣ ಆವಿಯಾಗಿ ಎಳೆಯೊಳಕ್ಕೇ ಹೋಗಿಬಿಡುತ್ತದೆ. ದಿಂಬಿನ ಚೀಲ, ಬಾವುಟ, ಚಹಾದ ಕಪ್ಪು, ಬಸಿ, ಯಾವುದನ್ನೂ ಬಿಟ್ಟಿಲ್ಲ. ಬಿಸಿ ಸುರಿದರೆ ಮಾತ್ರ ಚಿತ್ರ ಕಾಣುವ ಒಂದು ಕಪ್ಪಿನ ಮೇಲೆ ಇವರ ಮುಖ ಹಾಕಿ ನನಗೆ ಕೊಟ್ಟಿದ್ದಾಳೆ. ಚಹಾ ಹಾಕಿದ ಕೂಡಲೇ ಗಂಡ ಪ್ರತ್ಯಕ್ಷ, ಕುಡಿದು ಮುಗಿಸಿದರೆ ಮಾಯ. ಮನೆಯಲ್ಲೂ ನಡೆಯುವುದು ಅದೇ ಆದ್ದರಿಂದ ನನಗೆ ವಿಶೇಷವೇನೂ ಅನ್ನಿಸಲಿಲ್ಲ.

ಭಾವ ನಾದಿನಿ ಇಬ್ಬರದ್ದೂ ಎಣ್ಣೆ ಸೀಗೆಕಾಯಿ ಸಂಬಂಧ. ಅವಳ ಅಂಗಡಿಗೆ ಇವರಿಟ್ಟ ಹೆಸರು ಇಸ್ತ್ರಿ ಅಂಗಡಿ. ನಮ್ಮದಕ್ಕೆ ಅವಳಿಟ್ಟದ್ದು ಜರಡಿ ಅಂಗಡಿ.

"ನಿಮ್ಮ ಬಣ್ಣ ಬಟ್ಟೆ ಮೇಲೆ ಕೂರುತ್ತೆ ಭಾವ, ನಮ್ಮದು ಒಳಗೆ ಹೋಗುತ್ತೆ. ಕೈಯಿಟ್ರೆ ಗೊತ್ತೇ ಆಗಲ್ಲ."

"ಹತ್ತಿ ಬಟ್ಟೆ ಕೊಡ್ತೀನಿ, ಹಾಕು ನೋಡೋಣ. ಒಂದೇ ಒಗೆತಕ್ಕೆ ಮನೆ ಬಿಟ್ಟು ಓಡಿಹೋಗುತ್ತೆ."

ಅವಳ ವಿಧಾನಕ್ಕೆ ಪಾಲಿಯೆಸ್ಟರೇ ಆಗಬೇಕು, ಅದೂ ತಿಳಿ ಬಣ್ಣದ್ದು. ಇವರಿಗೆ ಅದು ಗೊತ್ತು. ಇವರ ವಿಧಾನಕ್ಕೆ ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು. ಅವಳು ಅದನ್ನು ಎತ್ತಿ ಆಡುತ್ತಾಳೆ. ನನ್ನ ಅಡುಗೆಮನೆಯಲ್ಲಿ ಕೂತು ಇಬ್ಬರೂ ಹೀಗೆ ಗಂಟೆಗಟ್ಟಲೆ ಕಿತ್ತಾಡಿ, ನನ್ನ ಕೈಯ ಊಟವನ್ನೇ ಉಂಡು ಏಳುತ್ತಾರೆ.

ಇಷ್ಟು ಸುಖವಾಗಿದ್ದ ಸಂಸಾರಕ್ಕೆ ಕಳೆದ ವರ್ಷ ಫುಟ್‌ಬಾಲ್ ಬಂದು ಬಡಿಯಿತು.

ನಮ್ಮ ಮಗಳು ಬಡಾವಣೆಯ ಹುಡುಗಿಯರ ತಂಡದಲ್ಲಿ ಗೋಲ್‌ಕೀಪರ್. ಗೋಲ್‌ಕೀಪರಿನ ಅಂಗಿ ಬೇರೆ ಬಣ್ಣದ್ದಿರಬೇಕು, ಅದು ಆಟದ ನಿಯಮ. ತಂಡಕ್ಕೆಲ್ಲ ಕೆಂಪು ಅಂಗಿ, ಇವಳೊಬ್ಬಳಿಗೆ ಹಳದಿ. ಯಾರೋ ಪುಣ್ಯಾತ್ಮರು ಅಂಗಿಗಳನ್ನು ಕೊಡಿಸಿದರು. ಬೆನ್ನಿನ ಮೇಲೆ ನಂಬರು ಹಾಕಿಸುವುದು ಎಲ್ಲಿ ಎಂಬ ಮಾತು ಬಂತು. ಪೇಟೆಯ ದೊಡ್ಡ ಅಂಗಡಿಗೆ ಕೊಡೋಣ ಎಂದು ತಂಡದವರೆಲ್ಲ ಹೇಳುವಾಗ ನಮ್ಮವಳು ಎದ್ದು ನಿಂತು, "ನಮ್ಮಪ್ಪ ಹಾಕ್ತಾರೆ. ಅವರಷ್ಟು ಚೆನ್ನಾಗಿ ಇಲ್ಲಿ ಯಾರೂ ಹಾಕಲ್ಲ. ಜವಾಬ್ದಾರಿ ನಂದು" ಎಂದುಬಿಟ್ಟಳಂತೆ. ಇದನ್ನು ಅವಳೇ ಮನೆಗೆ ಬಂದು ಹೇಳಿದಳು. ಇವರ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ನಾನೇ ಮತ್ತೆ ಹೊಲಿಯಬೇಕಾಯಿತು.

ಅವತ್ತು ಮೇಜಿನ ಹತ್ತಿರ ನನ್ನನ್ನೂ ಬಿಡಲಿಲ್ಲ. ಪರದೆಯ ಆಚೆಯಿಂದ ರಬ್ಬರ್ ಪಟ್ಟಿ ಎಳೆಯುವ ಸದ್ದು, ನಡುನಡುವೆ ಗುನುಗು. ಸಂಜೆ ಕರೆದು ತೋರಿಸಿದರು. ಕೆಂಪು ಬೆನ್ನುಗಳ ಮೇಲೆ ಹಾಲಿನಂಥ ಬಿಳಿ ನಂಬರುಗಳು, ಅಂಚು ಚಾಕುವಿನಲ್ಲಿ ಕೊಯ್ದಷ್ಟು ಚೊಕ್ಕ. ಹಳದಿ ಅಂಗಿಯ ಮೇಲೆ ಕಪ್ಪು ಬಣ್ಣದಲ್ಲಿ ಒಂದು ಎಂಬ ಅಂಕಿ. ನಾನು ಹೊಗಳುವುದು ಕಡಿಮೆ. ಅವತ್ತು ಹೊಗಳಿದೆ. ಮಗಳು ಮೂಟೆ ಕಟ್ಟಿಕೊಂಡು ಓಡಿದಳು.

ಗುರುವಾರ ಮಧ್ಯಾಹ್ನ ಅದೇ ಮೂಟೆ ವಾಪಸು ಬಂತು. ಭಾನುವಾರ ಪಂದ್ಯ. ಮಗಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಅಂಗಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಳು.

"ಅಪ್ಪ, ಇದು ಯಾವ ಬಣ್ಣ?"

ಇವರು ಕನ್ನಡಕ ಏರಿಸಿ ನೋಡಿದರು. ಒಂದನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ನಾನೂ ಪರದೆ ಸರಿಸಿ ಬಂದೆ. ಹಾಲಿನಂಥ ಬಿಳಿ ಎಂದೆನಲ್ಲ, ಆ ಹಾಲಿಗೆ ಯಾರೋ ಗುಲಾಬಿ ಶರಬತ್ತು ಬೆರೆಸಿದ ಹಾಗಾಗಿತ್ತು. ಒಂದೆರಡು ಅಂಗಿಗಳಲ್ಲಂತೂ ದೂರಕ್ಕೆ ನಂಬರೇ ಕಾಣುತ್ತಿರಲಿಲ್ಲ. ನನಗೆ ಮೊದಲು ಬಂದದ್ದು ನಗು. ಅಪ್ಪ ಮಗಳು ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದ ರೀತಿಗೆ ಅದು ಗಂಟಲಲ್ಲೇ ಉಳಿಯಿತು.

"ಪಂದ್ಯ ನಡೆಸೋರು ಮೈದಾನದ ಆ ತುದಿಯಿಂದ ನಂಬರ್ ಓದಬೇಕಂತೆ. ಓದೋಕಾಗದೇ ಇದ್ರೆ ಒಳಗೆ ಬಿಡಲ್ಲ ಅಂತ ಕೋಚ್ ಮೇಡಂ ಹೇಳಿದ್ರು. ಒಬ್ಬಳ ಅಮ್ಮ, ಹುಡುಗೀರಲ್ವಾ, ಗುಲಾಬಿ ಇದ್ರೆ ಇನ್ನೂ ಚಂದ ಅಂದ್ರು." ಮಗಳ ಧ್ವನಿ ಏರಿತು. "ನಾವೇನು ಬಾಣಂತಿ ಮನೆಗೆ ಹೋಗ್ತಾ ಇದೀವಾ ಗುಲಾಬಿ ಹಾಕ್ಕೊಂಡು?"

ಇವರು ಕೈಯಲ್ಲಿದ್ದ ಅಂಗಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಎಲ್ಲಕ್ಕಿಂತ ಕೆಟ್ಟದ್ದು ಏನು ಗೊತ್ತಾ ಅಪ್ಪ? ನಂದೊಂದು ಮಾತ್ರ ಸರಿಯಾಗಿದೆ." ಹಳದಿ ಅಂಗಿಯನ್ನು ಎತ್ತಿ ಹಿಡಿದಳು. ಕಪ್ಪು ನಂಬರು ಕಪ್ಪಾಗಿಯೇ ಇತ್ತು. "ನಿಮ್ಮಪ್ಪ ಮಗಳದ್ದು ಮಾತ್ರ ಚೆನ್ನಾಗಿ ಮಾಡಿದ್ದಾರೆ ಅಂದಳು ಒಬ್ಬಳು. ಸುಮ್ಮನೆ ಅಂದಿದ್ದು, ಜಗಳಕ್ಕಲ್ಲ. ಆದ್ರೂ ನಾನು ಏನಂತ ಉತ್ತರ ಕೊಡ್ಲಿ? ಎದ್ದು ನಿಂತು ಜವಾಬ್ದಾರಿ ನಂದು ಅಂದೋಳು ನಾನು. ಅವರದ್ದೆಲ್ಲ ಸರಿಯಾಗದೆ ನಾನು ಇದನ್ನ ಹಾಕ್ಕೊಳ್ಳಲ್ಲ. ಮೈದಾನಕ್ಕೂ ಹೋಗಲ್ಲ."

ಅವಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಅಳುವುದು ಕೇಳಬಾರದು ಎಂದು ಅವಳು ಸಣ್ಣವಳಿದ್ದಾಗಿನಿಂದ ಮಾಡುವ ಉಪಾಯ ಅದು. ನಮ್ಮಿಬ್ಬರಿಗೂ ಅದು ಗೊತ್ತು.

"ಪಾಲಿಯೆಸ್ಟರ್ ಅಂತ ಗೊತ್ತಿರ್ಲಿಲ್ವಾ ನಿಮ್ಗೆ? ಊರವರ ಬಟ್ಟೆಯೆಲ್ಲ ಸುಟ್ಟು ನೋಡ್ತೀರಿ" ಎಂದೆ.

"ಗೊತ್ತಿತ್ತು ಕಣೇ. ಎಷ್ಟು ಸಲ ಮಾಡಿಲ್ಲ. ಕಾವು ಕಡಿಮೆ ಇಟ್ಟು ಬೇಯಿಸಿದ್ರೆ ಏನೂ ಆಗಲ್ಲ. ಕಾವು ಜಾಸ್ತಿಯಾದ್ರೆ ಬಟ್ಟೇಲಿರೋ ಕೆಂಪು ಎದ್ದು ಬಿಳಿಯೊಳಗೆ ಬಂದ್ಬಿಡುತ್ತೆ. ಆವತ್ತೇ ಕಾಣಲ್ಲ, ಎರಡು ದಿನಕ್ಕೆ ಕಾಣುತ್ತೆ."

"ಮತ್ತೆ?"

ಇವರು ರಬ್ಬರ್ ಪಟ್ಟಿಯನ್ನು ಒರೆಸಿದ್ದನ್ನೇ ಒರೆಸುತ್ತ ನಿಂತರು. "ಎರಡು ಸಲ ಬೇಯಿಸಿದೆ."

"ಯಾಕೆ?"

"ಮಗಳ ತಂಡ ಅಲ್ವಾ. ಜನ್ಮದಲ್ಲಿ ಕಿತ್ತು ಬರಬಾರದು ಅಂತ."

ಅತಿಯಾದರೆ ಅಮೃತವೂ ವಿಷ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ. ಬೇರೆ ಯಾರ ಅಂಗಿಯನ್ನೂ ಈ ಮನುಷ್ಯ ಎರಡು ಸಲ ಬೇಯಿಸುತ್ತಿರಲಿಲ್ಲ. ನಿಮಗೇನು, ಕೆಡಿಸಿದ್ದೂ ಪ್ರೀತಿಗೇ ಎಂದು ನೀವು ಹೇಳಬಹುದು. ಭಾನುವಾರ ಪಂದ್ಯ ನಡೆಸುವವರಿಗೆ ಅದನ್ನು ಬೆನ್ನ ಮೇಲೆ ಬರೆದು ತೋರಿಸಲಾಗುತ್ತದೆಯೇ?

ಹೊಸ ಅಂಗಿ ತರಿಸೋಣವೆಂದರೆ ಆ ಕೆಂಪಿನ ಅಂಗಿ ಅಂಗಡಿಯಲ್ಲಿ ಮುಗಿದಿತ್ತು. ಇವರು ಒಂದು ಅಂಗಿಯ ಮೇಲೆ ಮತ್ತೊಂದು ಪದರ ಬಿಳಿ ಎಳೆದು, ಸಣ್ಣ ಕಾವಿನಲ್ಲಿ ಬೇಯಿಸಿದರು. ಬೆಳಗಾಗುವಷ್ಟರಲ್ಲಿ ಅದೂ ನಾಚಿಕೊಂಡು ಕೆಂಪಾಗಿತ್ತು. ಒಮ್ಮೆ ಎದ್ದ ಬಣ್ಣ ಮತ್ತೆ ಮಲಗುವುದಿಲ್ಲವಂತೆ. ನಾನು ಬಿಳಿ ಬಟ್ಟೆಯಲ್ಲಿ ಏಳು ಎಂಬ ಅಂಕಿಯನ್ನು ಕತ್ತರಿಸಿ ಒಂದು ಅಂಗಿಯ ಮೇಲೆ ಹೊಲಿದು ನೋಡಿದೆ. ಹಿಗ್ಗುವ ಬಟ್ಟೆಗೆ ಹಿಗ್ಗದ ಬಟ್ಟೆ ಜೋಡಿಸಿದರೆ ಏನಾಗಬೇಕೋ ಅದೇ ಆಯಿತು. ಬೆನ್ನ ತುಂಬ ಸುಕ್ಕು. ಮಗಳು ಹಾಕಿಕೊಂಡು ಕೈಯೆತ್ತಿದರೆ ಏಳು ಹೋಗಿ ಒಂದರ ಹಾಗೆ ಕಾಣುತ್ತಿತ್ತು. ಶುಕ್ರವಾರ ಬೆಳಗ್ಗೆ ಇವರು ತಿಂಡಿಯನ್ನು ಅರ್ಧಕ್ಕೆ ಬಿಟ್ಟು, ಅಂಗಿಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಎದ್ದರು.

"ಎಲ್ಲಿಗೆ?"

"ಇಸ್ತ್ರಿ ಅಂಗಡಿಗೆ" ಎಂದರು ಮೆಲ್ಲಗೆ.

ನೆಟ್ಟಗೆ ಹೋದರೆ ಬೇಕರಿಯವರು ನೋಡುತ್ತಾರೆಂದು ಊರೆಲ್ಲ ಸುತ್ತಿಕೊಂಡು ಹೋದರು. ನಾನು ನೆಟ್ಟಗೇ ಹೋಗಿ ಅವರಿಗಿಂತ ಮೊದಲು ತಲುಪಿದೆ. ತಂಗಿಗೆ ವಿಷಯ ಹೇಳಿ, ನಗುವುದಿದ್ದರೆ ಈಗಲೇ ನಕ್ಕು ಮುಗಿಸು ಎಂದೆ. ಆದರೆ ಅವಳು ನಗಲಿಲ್ಲ. ಇವರು ಬೆವರೊರೆಸಿಕೊಂಡು ಗಂಟು ಬಿಚ್ಚಿದಾಗಲೂ ನಗಲಿಲ್ಲ. ನಂಬರುಗಳ ಮೇಲೆ ಬೆರಳಾಡಿಸಿ, "ಅಂಚು ಎಷ್ಟು ಚೆನ್ನಾಗಿ ತೆಗೆದಿದೀರಿ ಭಾವ" ಎಂದಳು. ಅದು ಇವರಿಗೆ ನಗುವಿಗಿಂತ ಹೆಚ್ಚು ಚುಚ್ಚಿತು.

"ಒಂದೆರಡು ಬೈದುಬಿಡು ತಾಯಿ. ನೀನು ಹೀಗೆ ಮರ್ಯಾದೆ ಕೊಟ್ರೆ ನಂಗೆ ಭಯ ಆಗುತ್ತೆ."

"ಕೆಲಸ ಮುಗೀಲಿ. ವರ್ಷವಿಡೀ ಬೈತೀನಿ."

ಬಿಸಿ ಒತ್ತಿ ಅಂಟಿಸುವ ಬಿಳಿ ಹಾಳೆಯಿದೆಯಲ್ಲ, ಅದನ್ನು ನಂಬರಿನ ಆಕಾರಕ್ಕೆ ಕತ್ತರಿಸಿ ಮೇಲೆ ಅಂಟಿಸಿದರೆ ಹೇಗೆ ಎಂದು ನಾನು ಕೇಳಿದೆ. ಬಣ್ಣ ತಡೆಯುವ ಹಾಳೆ ಬೇರೆಯೇ ಇದೆ, ತರಿಸಬೇಕು, ಭಾನುವಾರದೊಳಗೆ ಬರುವುದಿಲ್ಲ ಎಂದಳು. ಸಾಮಾನ್ಯ ಹಾಳೆ ಹಾಕಿದರೆ ಮತ್ತೆ ಕಾವು, ಮತ್ತೆ ಗುಲಾಬಿ.

"ನಿನ್ನ ಪ್ರೆಸ್ಸಲ್ಲಿ ಬಿಳಿ ಹಾಕೋಕಾಗಲ್ವಾ?" ಎಂದರು ಇವರು. ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

"ನನ್ನ ಮಿಷನ್ನಲ್ಲಿ ಬಿಳಿ ಅನ್ನೋ ಬಣ್ಣಾನೇ ಇಲ್ಲ ಭಾವ. ನಮ್ಮಲ್ಲಿ ಬಿಳಿ ಹಾಕೋದಲ್ಲ, ಬಿಡೋದು. ಬಿಳಿ ಬಟ್ಟೆ ತಗೊಂಡು, ನಂಬರ್ ಒಂದನ್ನ ಬಿಟ್ಟು, ಸುತ್ತ ಎಲ್ಲ ಕೆಂಪು ಒತ್ತಬೇಕು. ಬಿಳಿ ಆಗಲೇ ಬಟ್ಟೇಲಿದೆ. ನಾವು ಮುಟ್ಟದೇ ಇದ್ರೆ ಸಾಕು, ಅದು ಎಲ್ಲೂ ಹೋಗಲ್ಲ."

ಇವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಜೀವಮಾನವೆಲ್ಲ ಬಿಳಿಯನ್ನು ಮೇಲುಮೇಲೆ, ದಪ್ಪಗೆ ಎಳೆದು ಬೇಯಿಸಿದವರು. ಏನೂ ಮಾಡದೆ ಬಿಡುವುದೂ ಒಂದು ವಿಧಾನ ಎಂಬುದು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಷ್ಟು ಅಂಗಿ ಹೊಸದಾಗಿ ಯಾರು ಹೊಲೀತಾರೆ?" ಎಂದರು.

"ಇಡೀ ಅಂಗಿ ಯಾಕೆ?" ಎಂದೆ ನಾನು. "ಕೆಟ್ಟಿರೋದು ಬೆನ್ನು. ಬೆನ್ನು ಬಿಚ್ಚಿ ತೆಗೀತೀನಿ. ನೀವಿಬ್ರೂ ಹೊಸ ಬೆನ್ನು ಮಾಡಿ ಕೊಡಿ. ಎದೆ, ತೋಳು ಹಳೇದೇ ಇರ್ಲಿ."

ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಎಷ್ಟೋ ವರ್ಷಗಳಿಂದ ನನ್ನ ಅಡುಗೆಮನೆಯಲ್ಲಿ ವಾದ ಮಾಡುತ್ತಿದ್ದಾರೆ. ನನಗೂ ಒಂದು ಕಸುಬಿದೆ ಎಂಬುದು ಅವತ್ತು ಇಬ್ಬರಿಗೂ ಒಟ್ಟಿಗೆ ನೆನಪಾದ ಹಾಗಿತ್ತು.

ತಂಗಿಯ ಹತ್ತಿರ ಬಾವುಟಕ್ಕೆಂದು ತಂದ ಬಿಳಿ ಹಿಗ್ಗುವ ಬಟ್ಟೆಯ ಸುರುಳಿಯಿತ್ತು. ಅವಳ ಪ್ರೆಸ್ಸಿನ ತಟ್ಟೆ ಒಬ್ಬ ಹುಡುಗಿಯ ಬೆನ್ನಿಗೆ ಸರಿಯಾಗಿ ಸಾಲುವಷ್ಟಿತ್ತು. ಎಲ್ಲ ಸರಿ, ಆದರೆ ಹೊಸ ಬೆನ್ನಿನ ಕೆಂಪು ಹಳೆಯ ತೋಳಿನ ಕೆಂಪಿಗೆ ಕೂಡಬೇಕಲ್ಲ. ತಂಗಿ ಕಂಪ್ಯೂಟರಿನಲ್ಲಿ ಒಂದು ಕೆಂಪು ಆರಿಸಿ ಚೂರು ಬಟ್ಟೆಯ ಮೇಲೆ ಒತ್ತಿದಳು. ಕಾಗದದ ಮೇಲೆ ಮಣ್ಣಿನ ಹಾಗೆ ಮಂಕಾಗಿದ್ದ ಬಣ್ಣ ಕಾವು ತಗುಲಿದ ಮೇಲೆ ಬಟ್ಟೆಯಲ್ಲಿ ಝಗ್ಗನೆ ಎದ್ದಿತು. ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಕೂಡಿತು ಎಂದಳು. ಇವರು ಚೂರನ್ನೂ ಅಂಗಿಯನ್ನೂ ಎತ್ತಿಕೊಂಡು ರಸ್ತೆಗೆ ಹೋದರು. ಪಂದ್ಯ ನಡೆಯುವುದು ಬಿಸಿಲಿನಲ್ಲಿ ತಾನೇ. ನಡುರಸ್ತೆಯಲ್ಲಿ ನಿಂತು ನೋಡುತ್ತಿದ್ದರೆ ಹಿಂದೆ ಸ್ಕೂಟರಿನವನು ಹಾರ್ನ್ ಹೊಡೆದದ್ದೂ ಕೇಳಿಸಲಿಲ್ಲ.

"ಹಳದಿ ಕಮ್ಮಿ" ಎಂದು ಅಲ್ಲಿಂದಲೇ ಕೂಗಿದರು.

ತಂಗಿ ಹಳದಿ ಏರಿಸಿದಳು. ಇವರು ಮತ್ತೆ ರಸ್ತೆಗೆ.

"ಸ್ವಲ್ಪ ಮಂಕಾಗಬೇಕು. ಇದು ಹೊಸ ಬಕೆಟ್ ಥರ ಇದೆ."

ಹೀಗೆ ಎಷ್ಟು ಸಲ ಒಳಗೆ ಹೊರಗೆ ಓಡಾಡಿದರೋ ಲೆಕ್ಕವಿಲ್ಲ. ಸ್ಕೂಟರಿನವನೂ ಗಾಡಿ ನಿಲ್ಲಿಸಿ, ಈಗ ಸರಿಹೋಯ್ತು ನೋಡಿ ಎಂದು ಅಭಿಪ್ರಾಯ ಕೊಟ್ಟ. ಕಡೆಗೂ ತೋಳಿನ ಮೇಲೆ ಚೂರು ಇಟ್ಟರೆ ಚೂರು ಎಲ್ಲಿದೆ ಎಂದು ಹುಡುಕಬೇಕಾಯಿತು. ತಂಗಿ ಇವರ ಬೆನ್ನು ತಟ್ಟಲು ಕೈಯೆತ್ತಿ, ಭಾವ ಎಂಬುದು ನೆನಪಾಗಿ ಮೇಜು ತಟ್ಟಿದಳು.

ಆದರೆ ಮೊದಲ ಬೆನ್ನನ್ನು ಕೆಡಿಸಿದ್ದೂ ಇವರೇ. ಜಾಲರಿಯ ಕೆಲಸದಲ್ಲಿ ಒಂದು ಮೂಲೆ ಎತ್ತಿ ಇಣುಕಿ ನೋಡುವ ಚಟ ಇವರಿಗೆ. ಇಲ್ಲೂ ಪ್ರೆಸ್ಸು ತೆರೆದ ಕೂಡಲೇ ಬಿಸಿ ಆರುವ ಮುಂಚೆ ಕಾಗದದ ಮೂಲೆ ಎತ್ತಿದರು. ಕಾಗದ ಸರಿಯಿತು, ಒಂಬತ್ತರ ಪಕ್ಕದಲ್ಲಿ ಇನ್ನೊಂದು ಮಸುಕು ಒಂಬತ್ತು ಬಂದು ನಿಂತಿತು.

"ಭಾವ, ಕೈ ಹಿಂದೆ ಕಟ್ಕೊಳ್ಳಿ."

"ನೋಡ್ದೇ ಇದ್ರೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ನಂಬಬೇಕು."

ನಮ್ಮ ಮನೆಯವರು ಶಾಲೆಯ ಹುಡುಗನ ಹಾಗೆ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಆತು ನಿಂತರು. ಅವತ್ತು ನಾನು ನೋಡಿದ ದೃಶ್ಯಗಳಲ್ಲೆಲ್ಲ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದು.

ಶನಿವಾರವೆಲ್ಲ ನನ್ನ ಮಿಷನ್ನು ನಿಲ್ಲಲಿಲ್ಲ. ಮಗಳು ಬೆನ್ನುಗಳನ್ನು ಬಿಚ್ಚಿ ಕೊಡುವುದು, ತಂಗಿ ಹೊಸ ಬೆನ್ನು ತಂದು ಕೊಡುವುದು, ನಾನು ಕೂಡಿಸುವುದು. ಹಿಗ್ಗುವ ಬಟ್ಟೆ ಸೂಜಿಯ ಕೆಳಗೆ ಹಾವಿನ ಹಾಗೆ ಜಾರುತ್ತದೆ. ಬಾಯಿಗೆ ಬಂದದ್ದೆಲ್ಲ ಬೈದುಕೊಂಡೇ ಹೊಲಿದೆ. ಇವರು ಊಟ ಬಡಿಸಿದರು, ಪಾತ್ರೆ ತೊಳೆದರು, ಯಾರೂ ಹೇಳದೆ ಚಹಾ ಮಾಡಿದರು. ಚಹಾ ಏನೋ ಒಂದು ಇತ್ತು ಅನ್ನಿ. ಕತ್ತಲಾಗುವ ಮುಂಚೆ ಕೆಂಪು ಅಂಗಿಗಳೆಲ್ಲ ಮುಗಿದವು. ತಂತಿಯ ಮೇಲೆ ಸಾಲಾಗಿ ನೇತುಹಾಕಿ, ಮಗಳು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಒಂದೊಂದೇ ನಂಬರು ಕೂಗಿ ಓದಿದಳು. ಎಲ್ಲವೂ ಕಂಡವು. ಮನೆಯೊಳಗೆ ಉಸಿರು ಬಂತು.

ನಾನು ಸೊಂಟ ಹಿಡಿದುಕೊಂಡು ಎದ್ದು ಮುಂದಿನ ಕೋಣೆಗೆ ಬಂದರೆ, ಇವರು ಕಿಟಕಿಯ ಬೆಳಕಿನಲ್ಲಿ ಕೂತು ಏನನ್ನೋ ಕೊಯ್ಯುತ್ತಿದ್ದಾರೆ. ಕೈಯಲ್ಲಿ ನನ್ನ ಬ್ಲೇಡು, ಮಡಿಲಲ್ಲಿ ಹಳದಿ ಅಂಗಿ. ಕಪ್ಪು ನಂಬರು ಇದ್ದ ಬೆನ್ನಿನ ಒಂದು ಕಡೆಯ ಹೊಲಿಗೆ ಆಗಲೇ ಅರ್ಧ ಬಿಚ್ಚಿದ್ದರು.

"ಏನ್ರೀ ಇದು? ಅದು ಸರಿಯಾಗಿತ್ತಲ್ಲ" ಎಂದೆ. ನಿಜ ಹೇಳಬೇಕೆಂದರೆ ಅವರ ಕೈಯಿಂದ ಅಷ್ಟು ಚೊಕ್ಕವಾದ ಕೆಲಸ ನಾನು ಇನ್ನೊಂದು ನೋಡಿರಲಿಲ್ಲ.

"ಸರಿಯಾಗಿದೆ ಅಂತಲೇ."

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಪ್ಪ, ಅದು ಬೇಡ. ಅದು ನೀನು ಹಾಕಿದ್ದು. ಅದೊಂದಾದ್ರೂ ಇರ್ಲಿ."

"ಬೇಡಮ್ಮ. ಎಲ್ಲರ ಬೆನ್ನೂ ಚಿಕ್ಕಮ್ಮನ ಪ್ರೆಸ್ಸಿಂದ ಬಂದಿರೋವಾಗ ನಿಂದೊಂದು ನನ್ನ ಕೈಯಿಂದ ಬಂದಿದ್ರೆ, ಮೈದಾನದಲ್ಲಿ ನೀನು ಮತ್ತೆ ಒಬ್ಬಳೇ ಆಗ್ತೀಯ. ಅಪ್ಪ ಮಗಳದ್ದು ಬೇರೆ ಮಾಡಿದ್ರು ಅನ್ನೋ ಮಾತು ನಿನ್ನ ಕಿವಿಗೆ ಇನ್ನೊಂದು ಸಲ ಬೀಳಬಾರದು. ಚಿಕ್ಕಮ್ಮಂಗೆ ಹೇಳಿದೀನಿ, ಹಳದಿ ಬೆನ್ನೂ ಒಂದು ಒತ್ತಿಟ್ಟಿದ್ದಾಳೆ."

ಮಗಳು ಹೋಗಿ ಅವರ ಪಕ್ಕದಲ್ಲಿ ಕೂತು, ಬಿಚ್ಚಲು ಸುಲಭವಾಗಲಿ ಎಂದು ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ನಲ್ಲಿ ಬಿಟ್ಟುಕೊಳ್ಳಲು ಈ ಸಲ ನಾನೇ ಬಚ್ಚಲಿಗೆ ಹೋದೆ. ನನಗೆ ಆ ಮನುಷ್ಯರ ಮೇಲೆ ಅಷ್ಟು ಪ್ರೀತಿ ಬಂದದ್ದು ಮದುವೆಯ ದಿನವೂ ಇಲ್ಲ.

ಭಾನುವಾರ ಮೈದಾನಕ್ಕೆ ಇವರು, ತಂಗಿ, ನಾನು ಮೂವರೂ ಹೋದೆವು. ಪಂದ್ಯ ನಡೆಸುವಾತ ಆ ತುದಿಯಲ್ಲಿ ನಿಂತು ಹುಡುಗಿಯರನ್ನು ಬೆನ್ನು ತಿರುಗಿಸಿ ನಿಲ್ಲಿಸಿದ. ಕಣ್ಣು ಕಿರಿದು ಮಾಡಿ ಒಂದೊಂದೇ ಓದಿದ. ಇವರು ಅಲ್ಲಿಂದ ಇಲ್ಲಿಗೆ ಕೇಳಿಸದಿದ್ದರೂ ಅವನ ತುಟಿಯ ಜೊತೆಗೆ ತಾವೂ ಓದಿದರು. ಅವನು ಕೈ ಬೀಸಿ ಒಳಗೆ ಬಿಟ್ಟ.

ಆಟ ಸೋತರು. ಒಂದು ಚೆಂಡಂತೂ ನಮ್ಮ ಮಗಳ ಎರಡು ಕಾಲಿನ ನಡುವೆ ನಮಸ್ಕಾರ ಹೇಳಿ ಹೋಯಿತು. ಇವರು ಅದನ್ನು ನೋಡಲೇ ಇಲ್ಲ. ಆಟದುದ್ದಕ್ಕೂ ಬೆನ್ನುಗಳನ್ನೇ ನೋಡುತ್ತಿದ್ದರು. ಹುಡುಗಿಯರು ಬೆವರಿ ನೀರಾಗಿದ್ದರು. ನಂಬರುಗಳು ಬೆಳಗ್ಗೆ ಇದ್ದಷ್ಟೇ ಬಿಳಿಯಾಗಿದ್ದವು.

ಮುಗಿದ ಮೇಲೆ ಗೆದ್ದ ತಂಡದ ಕೋಚ್ ನಮ್ಮ ಹುಡುಗಿಯರ ಹತ್ತಿರ ಬಂದು, ಈ ಅಂಗಿಗಳನ್ನ ಎಲ್ಲಿ ಮಾಡಿಸಿದ್ರಿ, ನಂಬರ್ ಮುಟ್ಟಿದ್ರೂ ಗೊತ್ತಾಗಲ್ವಲ್ಲ ಎಂದು ಕೇಳಿದರು. ಪಕ್ಕದಲ್ಲೇ ನಿಂತಿದ್ದ ಇವರು ನಾದಿನಿಯ ಕಡೆ ಕೈ ತೋರಿಸಿದರು. ನಾದಿನಿ ಭಾವನ ಕಡೆ ಕೈ ತೋರಿಸಿದಳು. ಇನ್ನು ಇಬ್ಬರೂ ಅಲ್ಲೇ ಶುರು ಹಚ್ಚಿಕೊಳ್ಳುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಮಗಳು ನಡುವೆ ಬಂದಳು. ಮೊಣಕಾಲಿಗೆ ಮಣ್ಣು, ಮುಖಕ್ಕೆ ಮಣ್ಣು, ತಂಡದವರೆಲ್ಲ ಸುತ್ತ ನಿಂತು ಕೇಳುತ್ತಿದ್ದರು.

"ನಮ್ಮಪ್ಪ" ಎಂದಳು. "ಮೊದಲು ನಂದೊಂದು ಬಿಟ್ಟು ಎಲ್ಲರದ್ದೂ ಕೆಡಿಸಿದ್ರು. ಆಮೇಲೆ ಎಲ್ಲರದ್ದೂ ಸರಿ ಮಾಡಿಸಿ, ನಂದನ್ನೂ ಬಿಚ್ಚಿದ್ರು."